ಕಲ್ಲಿಲ್ಲದೆ ಸಾಗಿದ ತೆಪ್ಪ

ನನ್ನ ಮಗನಿಗೆ ಹೆಣ್ಣು ಮಗು ಹುಟ್ಟಿದೆ. ಇವತ್ತು ಬೆಳಿಗ್ಗೆ, ಒಂಬತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗ, ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ನರ್ಸಿಂಗ್ ಹೋಮಿನಲ್ಲಿ. ಮದುವೆಯಾಗಿ ಹನ್ನೊಂದು ವರ್ಷಕ್ಕೆ. ಮೊದಲು ಈ ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬೇರೆ ಮಾತು ಬರೆಯಲು ನನ್ನಿಂದ ಆಗುವುದಿಲ್ಲ. ಬೆಳಿಗ್ಗೆಯಿಂದ ಆಟೋದವನಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ, ಔಷಧಿ ಅಂಗಡಿಯವರಿಗೆ ಹೇಳಿದೆ. ಶಾಮನೂರಿನ ನಮ್ಮ ಓಣಿಯವರಿಗೆಲ್ಲ ಫೋನು ಮಾಡುತ್ತಾ ಒಂದು ಫೋನು ಯಾರಿಗೋ ತಪ್ಪಿ ಹೋಯಿತು. ಅವರಿಗೂ ಹೇಳಿದೆ. ಆ ಪುಣ್ಯಾತ್ಮರು ಯಾರೋ, "ಒಳ್ಳೇದಾಗಲಿ ಬಿಡಮ್ಮ" ಎಂದು ಹರಸಿ ಫೋನು ಇಟ್ಟರು.

ಮಗುವನ್ನು ಒರೆಸಿ ತಂದ ನರ್ಸ್, ಅದನ್ನು ತೂಕದ ಯಂತ್ರದ ಮೇಲೆ ಮಲಗಿಸಿದಳು. ಅಗಲವಾದ ಬಿಳಿ ತಟ್ಟೆ. ಮಗು ಮೈ ಇಟ್ಟ ಕೂಡಲೇ ಆ ತಟ್ಟೆ ಕೂದಲೆಳೆಯಷ್ಟು ಕೆಳಗೆ ಕೂತಿತು. ಬೇರೆ ಯಾರಿಗೂ ಅದು ಕಂಡಿರಲಿಕ್ಕಿಲ್ಲ. ನನಗೆ ಕಂಡಿತು. ಅಷ್ಟೇ ಸಾಕಾಯಿತು... ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು.

"ಎರಡು ಕೆ.ಜಿ. ಒಂಬೈನೂರು" ಎಂದಳು ನರ್ಸ್. "ಯಾಕ್ರಿ ಅಜ್ಜಿ ಹಂಗೆ ನಿಂತ್ರಿ? ಭಾರ ಚೆನ್ನಾಗೇ ಐತೆ ಬಿಡ್ರಿ."

ಅವಳಿಗೇನು ಗೊತ್ತು. ನನ್ನ ಕಣ್ಣ ಮುಂದೆ ತೆಪ್ಪದಕ್ಕ ಬಂದು ನಿಂತಿದ್ದಳು.

ನನ್ನ ತವರು ಹರಿಹರ ತಾಲ್ಲೂಕಿನ ಒಂದು ಹೊಳೆದಂಡೆಯ ಊರು. ಆಚೆ ದಂಡೆಗೆ ಹೋಗಬೇಕೆಂದರೆ ಹರಿಹರದ ಸೇತುವೆ ಸುತ್ತಿ ಹೋಗಬೇಕು, ಅರ್ಧ ದಿನ ಬೇಕು. ಇಲ್ಲವೆಂದರೆ ತೆಪ್ಪ. ದೊಡ್ಡ ಬಿದಿರಿನ ಬುಟ್ಟಿ, ಕೆಳಗೆ ತೊಗಲು ಹೊದಿಸಿ ಡಾಂಬರು ಬಳಿದದ್ದು. ಆ ತೆಪ್ಪ ನಡೆಸುವವಳು ಒಬ್ಬ ಹೆಂಗಸು. ಊರಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ತೆಪ್ಪದಕ್ಕ ಎಂದೇ. ನನಗೆ ಹದಿನೆಂಟು ಇದ್ದಾಗ ಅವಳಿಗೆ ಮೂವತ್ತೈದು ಇದ್ದಿರಬಹುದು. ಎಲುಬು ಎದ್ದು ಕಾಣುವ ಕೈ, ಬಿಸಿಲಿಗೆ ಸುಟ್ಟ ಮುಖ, ಹಣೆ ತುಂಬ ವಿಭೂತಿ.

ಮೊದಲು ಆ ತೆಪ್ಪವನ್ನು ಗಂಡ ಹೆಂಡತಿ ಇಬ್ಬರೂ ನಡೆಸುತ್ತಿದ್ದರಂತೆ. ಅವನು ಒಂದು ಅಂಚಿಗೆ, ಇವಳು ಎದುರಿನ ಅಂಚಿಗೆ ಮೊಣಕಾಲೂರಿ ಹುಟ್ಟು ಹಾಕುವುದು. ದುಂಡಗಿನ ತೆಪ್ಪ ನೀರಿನಲ್ಲಿ ತಿರುಗುತ್ತಲೇ ಇರುತ್ತದೆ, ಬುಗುರಿಯ ಹಾಗೆ. ಎಷ್ಟು ನುರಿತವರಾದರೂ ಒಂದು ಸುತ್ತು, ಎರಡು ಸುತ್ತು ತಿರುಗಿಯೇ ಆಚೆ ದಂಡೆ ಸೇರಬೇಕು. ಇವರಿಬ್ಬರು ಎದುರುಬದುರು ಕೂತರೆ ಮಾತ್ರ ತಿರುಗುತ್ತಿರಲಿಲ್ಲ, ದಾರ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು ಎಂದು ನಮ್ಮವ್ವ ಹೇಳುತ್ತಿದ್ದಳು. ನೋಡಲೆಂದೇ ಜನ ದಂಡೆಗೆ ಬರುತ್ತಿದ್ದರಂತೆ.

ಒಂದು ಮಳೆಗಾಲದಲ್ಲಿ, ಇವಳು ಜೊತೆಗೆ ಇಲ್ಲದ ದಿನ, ಅವನು ಹೊಳೆ ಪಾಲಾದ. ಮೂರು ದಿನಕ್ಕೆ ಕೆಳಗಿನ ಊರಿನ ಹತ್ತಿರ ಸಿಕ್ಕನಂತೆ. ಕಾಲು ಜಾರಿತು ಎಂದರು, ಸುಳಿ ಎಳೆಯಿತು ಎಂದರು. ಅವಳು ಅತ್ತಳೋ ಬಿಟ್ಟಳೋ, ತಿಂಗಳು ತುಂಬುವುದರೊಳಗೆ ಹುಟ್ಟು ಹಿಡಿದು ತೆಪ್ಪದಲ್ಲಿ ಕೂತಳು. ಒಬ್ಬಳೇ ಒಂದು ಅಂಚಿಗೆ ಕೂತರೆ ತೆಪ್ಪ ಆ ಕಡೆ ವಾಲುತ್ತದಲ್ಲ, ಅದಕ್ಕೆ ಹೊಳೆಯಿಂದ ನಾಲ್ಕು ಗುಂಡುಗಲ್ಲು ಆರಿಸಿ ತಂದು ಗಂಡ ಕೂರುತ್ತಿದ್ದ ಜಾಗದಲ್ಲಿ ಇಟ್ಟುಕೊಂಡಳು. ನಾನು ತೆಪ್ಪ ಹತ್ತುವಷ್ಟು ದೊಡ್ಡವಳಾದಾಗಿನಿಂದ ನೋಡಿದ್ದು ಹಾಗೆಯೇ. ಈ ಕಡೆ ತೆಪ್ಪದಕ್ಕ, ಆ ಕಡೆ ನಾಲ್ಕು ಕಲ್ಲು.

ದಂಡೆಯ ಮೇಲೆ ಇನ್ನೂ ಕೆಲವು ಕಲ್ಲು ಇರುತ್ತಿದ್ದವು. ತೆಪ್ಪ ಹತ್ತಲು ಬಂದವರನ್ನು ಅವಳು ಒಮ್ಮೆ ನೋಡುವಳು. "ನೀವು ಮೂರು ಕಲ್ಲು, ಆ ಕಡೆ ಕೂಡ್ರಿ. ಏ ನೀನು ಎರಡೇ ಕಲ್ಲು, ಈ ಕಡೆ ಬಾ. ಅವ್ವಾರೆ, ನೀವು ನಡುವೆ ಕೂಡ್ರಿ, ನಿಮ್ಮನ್ನ ತೂಗೋ ಕಲ್ಲು ಈ ಹೊಳ್ಯಾಗ ಇಲ್ಲ." ದಪ್ಪಗಿನವರು ಬೈಯುತ್ತಲೇ ನಕ್ಕು ಕೂರುತ್ತಿದ್ದರು. ಅವಳ ಕಣ್ಣಿನ ಲೆಕ್ಕ ತಪ್ಪುತ್ತಿರಲಿಲ್ಲ.

ಆದರೆ ಅವಳಿಗೆ ತಿಳಿಯುತ್ತಿದ್ದದ್ದು ಮೈಯ ಭಾರ ಒಂದೇ ಅಲ್ಲ. ನನ್ನ ಚಿಕ್ಕಮ್ಮ ತೆಪ್ಪ ಹತ್ತಿದಾಗ ಒಮ್ಮೆ, "ಇವತ್ತು ಇಬ್ಬರು ಬಂದೀರಿ" ಎಂದಳಂತೆ. ಚಿಕ್ಕಮ್ಮನಿಗೇ ಇನ್ನೂ ಗೊತ್ತಿರಲಿಲ್ಲ. ಅಳು ನುಂಗಿಕೊಂಡು ಬಂದವರು ಒಂದು ಕಲ್ಲು ಹೆಚ್ಚು ತೂಗುತ್ತಾರೆ ಎನ್ನುತ್ತಿದ್ದಳು. ಊರಲ್ಲಿ ಯಾರೂ ಇದನ್ನು ದೊಡ್ಡದು ಮಾಡಿ ಆಡುತ್ತಿರಲಿಲ್ಲ. ಬಡಗಿಗೆ ಮರ ತಿಳಿಯುವ ಹಾಗೆ, ಇವಳಿಗೆ ಭಾರ ತಿಳಿಯುತ್ತದೆ, ಅಷ್ಟೇ.

ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಹದಿನೆಂಟಕ್ಕೆ ಆಚೆ ದಂಡೆಯಿಂದ ನನಗೊಂದು ಸಂಬಂಧ ಬಂತು. ಅಕ್ಕಿ ಗಿರಣಿಯವರು. ಗಂಡಿಗೆ ಮೂವತ್ತು ದಾಟಿತ್ತು, ಕಡ್ಡಿಯಂತೆ ತೆಳ್ಳಗೆ, ಮಾತು ಕಡಿಮೆ. ಜಾತಕ ಕೂಡದೆ ಇಷ್ಟು ದಿನ ಮದುವೆ ಆಗಿಲ್ಲ ಎಂದರು. ಅಂಥ ಮನೆತನ ನಮ್ಮ ಬಾಗಿಲಿಗೆ ಬಂದದ್ದೇ ಅಪ್ಪನಿಗೆ ದೊಡ್ಡದು. ನನಗೂ ಖುಷಿಯೇ. ಸುಳ್ಳು ಯಾಕೆ ಹೇಳಲಿ, ಅವರು ಕೊಡುತ್ತೇವೆಂದ ಜುಮುಕಿಯ ಮೇಲೆ ನನ್ನ ಮನಸ್ಸಿತ್ತು.

ಹೆಣ್ಣು ನೋಡಲು ಗಂಡು ಮತ್ತು ಅವನ ಸೋದರಮಾವ ತೆಪ್ಪದಲ್ಲೇ ಬಂದರು. ಗಂಡು ಎಷ್ಟೋ ವರ್ಷದಿಂದ ಈ ದಂಡೆಗೆ ಬಂದೇ ಇರಲಿಲ್ಲವಂತೆ. ಉಪ್ಪಿಟ್ಟು ತಿನ್ನುತ್ತಾ ಸೋದರಮಾವ ಗೊಣಗಿದ, "ಆ ತೆಪ್ಪದ ಹೆಣ್ಣುಮಗಳಿಗೆ ಏನಾಗೈತೆ? ನಡುಹೊಳ್ಯಾಗ ಹುಟ್ಟು ಬಿಟ್ಟು ಕೂತಿದ್ದಳು. ಮೂರು ಸಲ ಕೂಗಬೇಕಾಯ್ತು."

ಅವರು ಹೊರಟಾಗ ನಾನು ಗೆಳತಿಯ ಜೊತೆ ಹೊಳೆದಂಡೆಯ ಹೊಂಗೆ ಮರದ ಮರೆಗೆ ಓಡಿದೆ, ಗಂಡನ್ನು ಇನ್ನೊಮ್ಮೆ ಕಳ್ಳತನದಿಂದ ನೋಡಲು. ಆಗ ಕಂಡದ್ದನ್ನು ಇಷ್ಟು ವರ್ಷ ಯಾರಿಗೆ ಹೇಳಿದರೂ ನಂಬಿಲ್ಲ. ಸೋದರಮಾವ ತೆಪ್ಪದಕ್ಕನ ಪಕ್ಕ ಕೂತ. ಗಂಡು ಎದುರಿನ ಅಂಚಿನಲ್ಲಿ, ಆ ನಾಲ್ಕು ಕಲ್ಲಿನ ಹತ್ತಿರ ಕೂತ. ಇಬ್ಬರೂ ಮೂರು ಮೂರು ಕಲ್ಲಿನವರು, ಸರಿಹೋಗಬೇಕಿತ್ತು. ತೆಪ್ಪ ಮಾತ್ರ ಗಂಡಿನ ಕಡೆ ವಾಲಿ, ಅಂಚು ನೀರು ಮುಟ್ಟಿತು. ತೆಪ್ಪದಕ್ಕ ಎದ್ದು ಆ ಕಡೆಯಿಂದ ಒಂದು ಕಲ್ಲು ತೆಗೆದು ದಂಡೆಗೆ ಇಟ್ಟಳು. ಇನ್ನೂ ವಾಲಿಯೇ ಇತ್ತು. ಎರಡನೆಯದು ತೆಗೆದಳು. ಮೂರನೆಯದು. ನಾಲ್ಕನೆಯ ಕಲ್ಲು ತೆಗೆದು ಇಟ್ಟಾಗ ತೆಪ್ಪ ಸಮವಾಗಿ ನಿಂತಿತು.

ಗಂಡ ಹೋದ ಮೇಲೆ ಒಂಬತ್ತು ವರ್ಷ ಆ ನಾಲ್ಕು ಕಲ್ಲು ಆ ಜಾಗ ಬಿಟ್ಟು ಕದಲಿರಲಿಲ್ಲ. ಈಗ ಆ ಜಾಗ ಖಾಲಿ. ಪಕ್ಕದಲ್ಲಿ ಒಬ್ಬ ತೆಳ್ಳಗಿನ ಮನುಷ್ಯ. ಅವಳು ಹುಟ್ಟು ಹಾಕಿದಳು. ತೆಪ್ಪ ತಿರುಗಲಿಲ್ಲ. ಒಂದು ಸುತ್ತೂ ಇಲ್ಲ... ನೆಟ್ಟಗೆ, ಮೆಲ್ಲಗೆ, ಆಚೆ ದಂಡೆಗೆ ಹೋಯಿತು. ಅಷ್ಟು ಮೆಲ್ಲಗೆ ಅವಳು ಯಾವತ್ತೂ ಹುಟ್ಟು ಹಾಕಿದ್ದನ್ನು ನಾನು ನೋಡಿರಲಿಲ್ಲ.

ಮದುವೆ ಗೊತ್ತಾಯಿತು. ಗಂಡು ಅದಕ್ಕೆ ಇದಕ್ಕೆ ಎಂದು ನಾಲ್ಕೈದು ಸಲ ಹೊಳೆ ದಾಟಿ ಬಂದ. ಅವನು ಬರುವ ದಿನ ತೆಪ್ಪದಕ್ಕ ಬೇರೆಯೇ ಆಗುತ್ತಿದ್ದಳು. ತಲೆ ಬಾಚಿ ಬಿಗಿಯಾಗಿ ಗಂಟು ಕಟ್ಟುವಳು, ಒಗೆದ ಸೀರೆ ಉಡುವಳು. ಬಾಯಲ್ಲಿ ಸಣ್ಣಗೆ ಹಾಡು. ದಂಡೆಯಲ್ಲಿ ಬಟ್ಟೆ ಒಗೆಯುವವರ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ?

"ಸಾವ್ಕಾರ ಬರ್ತಾನಂತೆ ಇವತ್ತು, ನೋಡ್ರೆ ಅವಳ ಸಿಂಗಾರ."

"ಒಂಬತ್ತು ವರ್ಷ ಬೂದಿ ಮುಚ್ಚಿತ್ತು, ಈಗ ಗಾಳಿ ಬೀಸೈತೆ."

ಮಾತು ನಮ್ಮವ್ವನ ಕಿವಿಗೂ ಬಿತ್ತು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಹೊಟ್ಟೆ ಉರಿದುಹೋಯಿತು. ಹದಿನೆಂಟರ ಹುಡುಗಿ, ಜುಮುಕಿಯ ಕನಸು ಬೇರೆ. ಒಂದು ಮಧ್ಯಾಹ್ನ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನೇರ ಹೊಳೆದಂಡೆಗೆ ಹೋದೆ. ಅವಳು ತೆಪ್ಪವನ್ನು ಮಗುಚಿ ಹಾಕಿ ಡಾಂಬರು ಬಳಿಯುತ್ತಿದ್ದಳು.

"ನನ್ನ ಕೈ ಹಿಡಿಯೋನ ಜೊತೆ ನಿಂದೇನಕ್ಕ?" ಎಂದೆ.

ಅವಳು ತಲೆ ಎತ್ತಲಿಲ್ಲ. "ಊರಾಗ ಹಂಗಂತಾರೇನು?"

"ಊರು ಬಿಡು. ನಾ ಕೇಳ್ತಿದ್ದೀನಿ."

"ಕೂಡು ತಂಗಿ. ನಿಂತು ಕೇಳೋ ಮಾತಲ್ಲ ಇದು."

ನಾನು ಕೂರಲಿಲ್ಲ. ಅವಳು ಡಾಂಬರಿನ ಕೈಯನ್ನು ಮರಳಿನಲ್ಲಿ ಉಜ್ಜಿಕೊಂಡು ಹೇಳಿದಳು, "ಅವನ ಜೊತೆ ನಂದೇನೂ ಇಲ್ಲ. ಅವನ ಮ್ಯಾಲೆ ಕೂತು ಬರೋರ ಜೊತೆ ಐತೆ."

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಸತ್ತವರು ಪ್ರೀತಿ ಇದ್ದವರ ಹತ್ತಿರ ಬಂದರೆ ಭಾರ ಇರುವುದಿಲ್ಲ, ಗಾಳಿ ಬಂದ ಹಾಗೆ ಬರುತ್ತಾರೆ. ಕೊಂದವನ ಮೇಲೆ ಮಾತ್ರ ಇದ್ದಷ್ಟೂ ಭಾರ ಹಾಕಿ ಕೂರುತ್ತಾರೆ. ಹಿಂದೆ ಒಮ್ಮೆ, ಅಣ್ಣನನ್ನು ಕೊಂದು ಜೈಲಿಗೆ ಹೋಗಿ ಬಂದವನೊಬ್ಬ ಅವಳ ತೆಪ್ಪ ಹತ್ತಿದ್ದನಂತೆ. ಅವನನ್ನು ದಾಟಿಸಲು ಇಬ್ಬರ ಕಲ್ಲು ಬೇಕಾಗಿತ್ತಂತೆ. ಆ ಸಲದ ಭಾರ ಅವಳಿಗೆ ಗುರುತಿಲ್ಲದವರದು. ಈ ಸಲ ಹಾಗಲ್ಲ.

"ಈ ಭಾರ ನನಗೆ ಗೊತ್ತೈತೆ" ಎಂದಳು. "ಏಳು ವರ್ಷ ನನ್ನ ಎದುರಿಗೆ ಕೂತ ಭಾರ. ಕಣ್ಣು ಕಟ್ಟಿ ಬಿಟ್ಟರೂ ಗುರುತು ಹಿಡಿತೀನಿ. ಆ ಗಿರಣಿಯವ ಹತ್ತಿದ ಕೂಡ್ಲೆ ನಮ್ಮೋರು ಬಂದು ಕೂತರು ತಂಗಿ. ಅವರ ಜಾಗದಾಗೇ ಕೂತರು."

ಈಗ ನಾನು ಮರಳಿನ ಮೇಲೆ ಕೂತೆ.

"ಹಂಗಾದ್ರೆ ಅವನೇ... ನಿನ್ನ ಗಂಡನ್ನ..."

"ಹೂಂ."

"ಮತ್ತೆ ಬಾಯಿ ಮುಚ್ಚಿಕೊಂಡು ಕೂತೀಯಲ್ಲಕ್ಕ?"

ಆಗ ಅವಳು ನನ್ನ ಮುಖ ನೋಡಿದಳು. ಆ ನೋಟ... ಹೇಗೆ ಹೇಳಲಿ. ಹಸಿದವರ ಎದುರಿನಿಂದ ತಟ್ಟೆ ಎಳೆದರೆ ಹೀಗೆ ನೋಡುತ್ತಾರೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಗೊತ್ತಲ್ಲ. ಅವಳೂ ಹೇಳಿರಲಿಲ್ಲ, ಅವನಿದ್ದಾಗಲೂ, ಹೋದ ಮೇಲೂ. ಹೆಂಡತಿ ಬಾಯಿಂದ ಹೆಸರು ಬಂದರೆ ಸತ್ತವನು ಒಂದು ಸಲ ಕಾಣಿಸಿಕೊಂಡು, ಕೂತ ಜಾಗ ಬಿಟ್ಟು ಇಳಿದು ಹೋಗುತ್ತಾನೆ ಎಂದು ಅವಳ ಅತ್ತೆ ಹೇಳಿದ್ದಳಂತೆ. ಆಮೇಲೆ ಬರುವುದೇ ಇಲ್ಲ.

"ಒಂಬತ್ತು ವರ್ಷ ಕಲ್ಲಿನ ಜೊತೆ ಹೊಳೆ ದಾಟೀನಿ" ಎಂದಳು. "ಈಗ ಅವರು ವಾರಕ್ಕೊಂದು ಸಲ ಬರ್ತಾರ. ನೀ ಆ ಮನೆ ಸೊಸೆ ಆದರೆ ಅವ ಹೋಗ್ತಾ ಬರ್ತಾ ಇರ್ತಾನ. ಅವನ ಜೊತೆ ಇವರೂ ಬರ್ತಾರ, ಸಾಯೋವರೆಗೂ." ಡಾಂಬರಿನ ಡಬ್ಬಿ ಹತ್ತಿರ ಎಳೆದುಕೊಂಡು ಮತ್ತೆ ಹೇಳಿದಳು. "ಕರೆದ್ರೆ ಇವರು ಹೋಗ್ತಾರ. ಕರೀದಿದ್ರೆ ನೀ ಆ ಮನೆಗೆ ಹೋಗ್ತಿ."

ನಾನು ಎದ್ದು ಮನೆಗೆ ಓಡಿದೆ. ಅಪ್ಪನಿಗೆ ಹೇಳಿದೆ. ಅಪ್ಪ ಕೂಗಾಡಿದ. ತೆಪ್ಪದ ತೊಗಲು ಹಳೆಯದಾಗಿದೆ, ಒಂದು ಕಡೆ ನೀರು ಕುಡಿದಿದೆ, ಅದಕ್ಕೆ ವಾಲುತ್ತದೆ ಎಂದ. ನಿನ್ನ ಮದುವೆ ಮುರಿಯಲು ಯಾರೋ ಅವಳ ಕಿವಿ ಊದಿದ್ದಾರೆ ಎಂದ. ಮದುವೆಗೆ ಹದಿನೈದು ದಿನ ಉಳಿದಿತ್ತು. ನಂಬುವುದೋ ಬಿಡುವುದೋ ನನಗೇ ತಿಳಿಯುತ್ತಿರಲಿಲ್ಲ. ಆದರೆ ಊಟ ಸೇರುತ್ತಿರಲಿಲ್ಲ, ಜುಮುಕಿಯ ಆಸೆಯೂ ಸತ್ತುಹೋಗಿತ್ತು.

ಮದುವೆಯ ಸೀರೆಗಳನ್ನು ಅವರ ಮನೆಯಲ್ಲಿ ದೇವರ ಮುಂದೆ ಇಟ್ಟು ತೋರಿಸುವ ಪದ್ಧತಿ ಅವರದು. ಅದಕ್ಕೆ ನಮ್ಮನ್ನು ಕರೆದೊಯ್ಯಲು ಗಂಡು ತಾನೇ ಬಂದ. ಅಪ್ಪ, ಕೊಕ್ಕನೂರಿನಿಂದ ಬಂದಿದ್ದ ನನ್ನ ಸೋದರತ್ತೆ ಮತ್ತು ನಾನು ಹೊರಟೆವು. ಬೆಳಗಿನ ಹೊತ್ತು. ಎಳೆ ಬಿಸಿಲು, ಹೊಳೆ ಶಾಂತವಾಗಿತ್ತು.

ತೆಪ್ಪದಕ್ಕ ನಾಲ್ಕು ಕಲ್ಲನ್ನೂ ಮೊದಲೇ ತೆಗೆದು ದಂಡೆಯ ಮೇಲೆ ಸಾಲಾಗಿ ಇಟ್ಟಿದ್ದಳು. ತಲೆ ಬಾಚಿದ್ದಳು, ಒಗೆದ ಸೀರೆ ಉಟ್ಟಿದ್ದಳು. ಗಂಡನ್ನು ಆ ಅಂಚಿಗೆ, ಅಪ್ಪನನ್ನು ತನ್ನ ಪಕ್ಕಕ್ಕೆ, ಅತ್ತೆಯನ್ನೂ ನನ್ನನ್ನೂ ಎಡಬಲಕ್ಕೆ ಕೂಡಿಸಿದಳು. ತೆಪ್ಪ ಹೊರಟಿತು. ತಿರುಗಲಿಲ್ಲ.  ಅವಳು ಒಂದೊಂದೇ ಹುಟ್ಟು ಹಾಕುತ್ತಿದ್ದಳು, ಸಣ್ಣ ಮಗುವನ್ನು ತಟ್ಟಿ ಮಲಗಿಸುವಾಗ ಕೈ ಹೇಗೆ ಆಡುತ್ತದೆ, ಹಾಗೆ.

ನಡುಹೊಳೆಯಲ್ಲಿ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟಳು.

"ಯಾಕವ್ವ ನಿಲ್ಲಿಸಿದಿ?" ಎಂದ ಅಪ್ಪ.

"ಗೌಡ್ರೆ, ನನ್ನ ಕಲ್ಲು ಎಲ್ಲಿ ಅದಾವ?"

"ದಂಡೆ ಮ್ಯಾಲೆ ಬಿಟ್ಟು ಬಂದಿ. ಮರೆತಿಯೇನು?"

"ಮರೆತಿಲ್ಲ. ಕಲ್ಲಿಲ್ಲದೆ ತೆಪ್ಪ ಹೆಂಗೆ ನಿಂತೈತೆ, ನೀವೇ ನೋಡ್ರಿ." ಆಮೇಲೆ ಗಂಡಿನ ಕಡೆ ತಿರುಗಿ, "ಸಾವ್ಕಾರ್ರೆ, ಒಂಚೂರು ಬಲಕ್ಕೆ ಸರೀರಿ" ಎಂದಳು.

ಅವನು ಸರಿದ. ಅವನು ಸರಿದ ಕಡೆಗೇ ತೆಪ್ಪ ವಾಲಿತು. ಎಡಕ್ಕೆ ಸರಿದ, ಎಡಕ್ಕೆ ವಾಲಿತು. ಮೂರು ಕಲ್ಲಿನ ಮನುಷ್ಯ ಅಲ್ಲ ಅದು, ಏಳು ಕಲ್ಲಿನ ಭಾರ. ಸೋದರತ್ತೆ "ಶಿವನೇ" ಎಂದು ನನ್ನ ಕೈ ಹಿಡಿದುಕೊಂಡಳು. ಅಪ್ಪ ಬಗ್ಗಿ ತೆಪ್ಪದ ತಳ ಮುಟ್ಟಿ ನೋಡಿದ. ತೊಗಲು ನೀರು ಕುಡಿದಿದ್ದರೆ ಒಂದೇ ಕಡೆ ವಾಲಬೇಕಿತ್ತಲ್ಲ.

ತೆಪ್ಪದಕ್ಕ ಅವನನ್ನು ನೋಡುತ್ತಿರಲಿಲ್ಲ. ಅವನ ಪಕ್ಕದ ಖಾಲಿ ಜಾಗ ನೋಡುತ್ತಿದ್ದಳು. ಎಷ್ಟು ಹೊತ್ತು ನೋಡಿದಳೋ.  ಒಮ್ಮೆ ನನ್ನ ಕಡೆ ಕಣ್ಣು ಹಾಯಿಸಿದಳು, ಮತ್ತೆ ಆ ಜಾಗಕ್ಕೆ ತಿರುಗಿದಳು. ಸೆರಗು ತಲೆಯ ಮೇಲೆ ಹೊದ್ದುಕೊಂಡು, ಗಂಡನ ಹೆಸರು ಹಿಡಿದು ಕರೆದಳು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವಳು ಜೀವಮಾನದಲ್ಲಿ ಒಂದೇ ಸಲ ಹೇಳಿದ್ದು, ಅದು ಅಲ್ಲೇ ಇರಲಿ. ಜೋರಾಗಿ ಏನೂ ಕರೆಯಲಿಲ್ಲ. ಊಟಕ್ಕೆ ಬನ್ನಿ ಎಂದು ಒಳಗಿನಿಂದ ಕರೆದ ಹಾಗಿತ್ತು.

ಗಿರಣಿಯವನು ಪಕ್ಕಕ್ಕೆ ತಿರುಗಿದ. ನಮಗೆ ಏನೂ ಕಾಣಲಿಲ್ಲ. ಅವನಿಗೆ ಕಂಡಿತು.  ತೆಪ್ಪದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ತಳ್ಳಬೇಕಂತ ತಳ್ಳಲಿಲ್ಲ" ಎಂದ. "ಹೊಳೆ ತುಂಬೈತೆ, ಇಷ್ಟು ಚೀಲ ಒಯ್ಯೋಕೆ ಆಗಲ್ಲ ಅಂತ ಇಳಿಸ್ತಿದ್ದ... ನಂಗೆ ಸಿಟ್ಟು ಬಂತು... ಒಂದೇ ಸಲ ತಳ್ಳಿದ್ದು. ಕೈ ಮ್ಯಾಲೆತ್ತಿದ್ದ. ನಾ ಹಿಡೀಲಿಲ್ಲ."

ತಳ್ಳಿದ ಮಾತು ಅಲ್ಲಿ ಯಾರೂ ಎತ್ತಿರಲಿಲ್ಲ.

ಆಗ ಆ ಅಂಚು ಮೆಲ್ಲಗೆ ಮೇಲೆದ್ದಿತು. ಪಕ್ಕದಲ್ಲಿ ಕೂತವರು ಎದ್ದು ಹೋದರೆ ಹಾಸಿಗೆ ಹೇಗೆ ಏಳುತ್ತದೆ, ಹಾಗೆ. ನನ್ನ ಕಾಲ ಕೆಳಗೆ ನನಗೆ ತಿಳಿಯಿತು. ತೆಪ್ಪ ಅವಳ ಕಡೆ ವಾಲಿ, ಗಿರ್ರನೆ ತಿರುಗತೊಡಗಿತು. ಅಪ್ಪ ದಡಬಡಿಸಿ ಎದುರಿನ ಅಂಚಿಗೆ ಹೋಗಿ ಕೂತ. ಅವಳು ಹುಟ್ಟು ಹಿಡಿದು ಹೇಗೋ ನಮ್ಮನ್ನು ಈ ದಂಡೆಗೇ ವಾಪಸು ತಂದಳು. ಇಳಿಯುವಾಗ ಒಂದೇ ಮಾತು ಅಂದಳು.

"ಹೋದ್ರು."

ಗಿರಣಿಯವನು ಅದೇ ದಿನ ಅಪ್ಪನ ಜೊತೆ ಹರಿಹರಕ್ಕೆ ನಡೆದು ಹೋಗಿ ಪೊಲೀಸರ ಮುಂದೆ ಎಲ್ಲ ಒಪ್ಪಿಕೊಂಡ. ಯಾರೂ ಎಳೆದೊಯ್ಯಬೇಕಾಗಲಿಲ್ಲ. ಹೊತ್ತದ್ದು ಇಳಿಸಿದವನ ಹಾಗೆ ನಡೆಯುತ್ತಿದ್ದ ಎಂದು ಅಪ್ಪ ಆಮೇಲೆ ಹೇಳಿದ. ಅವನಿಗೆ ಜೈಲಾಯಿತು. ಬಟ್ಟೆ ಒಗೆಯುವವರು ಎಷ್ಟೋ ದಿನ ತೆಪ್ಪದಕ್ಕನ ಮುಖ ನೋಡಲು ನಾಚಿ ತಲೆ ತಗ್ಗಿಸುತ್ತಿದ್ದರು.

ಮರುದಿನ ನಾನು ಹೊಳೆಗೆ ಹೋದೆ. ಅವಳು ನಾಲ್ಕು ಕಲ್ಲನ್ನೂ ಎದುರಿಗೆ ಇಟ್ಟುಕೊಂಡು ಯಾರನ್ನೋ ದಾಟಿಸಿ ಬರುತ್ತಿದ್ದಳು. ತೆಪ್ಪ ತಿರುಗುತ್ತಿತ್ತು. ನಾನು ಕಾಲಿಗೆ ಬಿದ್ದೆ. "ಏಳು, ಏಳು, ಮೈಯೆಲ್ಲ ಮರಳಾಗ್ತೈತೆ" ಎಂದು ಗದರಿದಳು. ಅವಳ ಕಣ್ಣು ಊದಿಕೊಂಡಿತ್ತು.

ಆಮೇಲೆ ಒಂದು ವರ್ಷ ನನಗೆ ಸಂಬಂಧವೇ ಬರಲಿಲ್ಲ. ಕೊಲೆ ಮಾಡಿದವನಿಗೆ ಗೊತ್ತು ಮಾಡಿದ್ದ ಹುಡುಗಿ ಎಂದು ಹೆಸರು ಬಿದ್ದಿತ್ತು. ಅವ್ವ ಕೊರಗುತ್ತಿದ್ದಳು. ಒಂದು ದಿನ ಆಚೆ ದಂಡೆಯ ಚಿಕ್ಕಮ್ಮನ ಮನೆಗೆ ಹೊರಟಿದ್ದೆ. ನಮ್ಮ ಹೊಳೆದಂಡೆಯ ನೀರೆತ್ತುವ ಮೋಟರು ರಿಪೇರಿ ಮಾಡಲು ದಾವಣಗೆರೆಯಿಂದ ಬಂದಿದ್ದ ಒಬ್ಬರು, ಆಚೆ ಇನ್ನೊಂದು ಮೋಟರು ನೋಡಬೇಕೆಂದು ಅದೇ ತೆಪ್ಪಕ್ಕೆ ಬಂದರು. ದೊಡ್ಡ ಆಳು. ಕೈಯಲ್ಲಿ ಕಬ್ಬಿಣದ ಸಾಮಾನಿನ ಪೆಟ್ಟಿಗೆ, ಅಂಗಿಯ ತುಂಬ ಎಣ್ಣೆ ಕಲೆ. ನಾನು ಕಡ್ಡಿ. ಎದುರುಬದುರು ಕೂತೆವು. ಲೆಕ್ಕದಂತೆ ನನ್ನ ಪಕ್ಕಕ್ಕೆ ಮೂರು ಕಲ್ಲಾದರೂ ಬೇಕಿತ್ತು. ತೆಪ್ಪದಕ್ಕ ಒಂದು ಕಲ್ಲು ಎತ್ತಿಕೊಂಡಳು. ನಮ್ಮಿಬ್ಬರನ್ನೂ ನೋಡಿದಳು. ತೆಪ್ಪದ ಅಂಚು ನೋಡಿದಳು. ಕಲ್ಲನ್ನು ಹಾಗೇ ಕೆಳಗಿಟ್ಟಳು.

"ಯಾಕಕ್ಕ?" ಎಂದೆ.

"ಕಲ್ಲು ಬ್ಯಾಡ" ಎಂದಳು.

ತೆಪ್ಪ ಹೊರಟಿತು. ನಾನು ಅಂಚು ಹಿಡಿದು ಕಾಯುತ್ತಿದ್ದೆ, ಈಗ ತಿರುಗುತ್ತದೆ, ಈಗ ತಿರುಗುತ್ತದೆ ಎಂದು. ತಿರುಗಲೇ ಇಲ್ಲ. ಆಚೆ ದಂಡೆಯ ಹುಣಸೆ ಮರ ನನ್ನ ಕಣ್ಣ ನೇರಕ್ಕೆ ಇತ್ತು, ಕೊನೆಯವರೆಗೂ ನೇರಕ್ಕೇ ಇತ್ತು.  ಪಾಪ, ಅವರಿಗೆ ಇದೇನೂ ಗೊತ್ತಿಲ್ಲ. "ನಿಮ್ಮ ತೆಪ್ಪ ಭಾಳ ಚೆನ್ನಾಗಿ ಬ್ಯಾಲೆನ್ಸ್ ಐತೆ ಕಣ್ರಿ" ಎಂದು ತೆಪ್ಪದಕ್ಕನನ್ನು ಹೊಗಳಿದರು. ಅವಳು ಜೋರಾಗಿ ನಕ್ಕಳು. ಗಂಡ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ಯಾರೂ ಕೇಳಿರಲಿಲ್ಲ.

ಅಪ್ಪನಿಗೆ ಹೇಳಿದವಳು ಅವಳೇ. ಅಪ್ಪ ಈ ಸಲ ಕೂಗಾಡಲಿಲ್ಲ. ಮಾರನೇ ದಿನವೇ ದಾವಣಗೆರೆಗೆ ಹೋಗಿ ವಿಚಾರಿಸಿಕೊಂಡು ಬಂದ. ಸಣ್ಣ ವರ್ಕ್‌ಶಾಪು, ತಗಡಿನ ಮನೆ, ಬಂಗಾರ ಏನೂ ಇಲ್ಲ. "ಅದೆಲ್ಲ ಆಮೇಲೆ ಆಗುತ್ತೆ ಬಿಡು" ಎಂದ. ಮದುವೆಯಾಗಿ ಹೊರಡುವಾಗ ನಾನು ತೆಪ್ಪದಕ್ಕನ ಕೈ ಹಿಡಿದುಕೊಂಡು ಅತ್ತೆ. ಎದುರಿನ ಜಾಗದಲ್ಲಿ ಕಲ್ಲು ಇಟ್ಟುಕೊಂಡು ಕೂತವಳು ನನ್ನ ಜೋಡಿಯನ್ನು ಹುಡುಕಿ ಕೊಟ್ಟಳಲ್ಲ... ಅವಳ ಮುಂದೆ ಸುಖವಾಗಿರುವುದಕ್ಕೂ ನಾಚಿಕೆಯಾಗುತ್ತಿತ್ತು. ಅವಳು ಮಾತ್ರ, "ವರ್ಷ ತಿರುಗೋದ್ರಾಗ ಮೂರು ಜನ ಆಗಿ ಬಾ, ಹಿಂಗೆ ಕಡ್ಡಿ ಹಂಗೆ ಬಂದ್ರೆ ತೆಪ್ಪ ಹತ್ತಿಸಲ್ಲ" ಎಂದು ತಮಾಷೆ ಮಾಡಿದಳು.

ಮೂರು ಜನ ಆಗಲು ನಮಗೆ ಆರು ವರ್ಷ ಹಿಡಿಯಿತು. ಅಷ್ಟರಲ್ಲಿ ಊರ ಹತ್ತಿರವೇ ಸೇತುವೆಯಾಯಿತು, ತೆಪ್ಪ ನಿಂತಿತು. ತೆಪ್ಪದಕ್ಕ ಹೊಳೆಯ ಮೇಲ್ಗಡೆಯ ಯಾವುದೋ ಊರಿನ ತಮ್ಮನ ಮನೆಗೆ ಹೋದಳು. ಮಗನನ್ನು ಎತ್ತಿಕೊಂಡು ಒಂದು ಸಲ ಹೋಗಿ ಬರೋಣ ಎಂದು ಅಂದುಕೊಳ್ಳುವುದೇ ಆಯಿತು. ಇವತ್ತು ವರ್ಕ್‌ಶಾಪು, ನಾಳೆ ಮಗನಿಗೆ ಜ್ವರ, ನಾಡಿದ್ದು ಅತ್ತೆಗೆ ಆಸ್ಪತ್ರೆ... ಅವಳು ತೀರಿಹೋದ ಸುದ್ದಿ ನನಗೆ ತಿಳಿದದ್ದು ಮೂರು ತಿಂಗಳ ಮೇಲೆ, ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ತವರೂರಿನವರೊಬ್ಬರ ಬಾಯಿಂದ. ಬಸ್ಸು ಹೊರಡುತ್ತಿತ್ತು. ಅವರು ಕಿಟಕಿಯಿಂದ ಕೂಗಿ ಹೇಳಿದರು. ನಾನು ಬಸ್ಸಿನ ಧೂಳಿನಲ್ಲಿ ನಿಂತೆ.

ಇವತ್ತು ಸಂಜೆ ನರ್ಸಿಂಗ್ ಹೋಮಿನ ಆ ಸಣ್ಣ ಕೋಣೆಯಲ್ಲಿ ನಾವು ಹನ್ನೊಂದು ಜನ ಸೇರಿದೆವು. ಸೊಸೆಯ ತಾಯಿ ಮನೆಯವರು, ನನ್ನ ಮಗಳು ಅಳಿಯ, ಅವರ ಮಕ್ಕಳು. ಮಗಳು ಮನೆಯಿಂದ ಗೋಧಿ ಹುಗ್ಗಿ, ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ ಎಲ್ಲ ಡಬ್ಬಿ ತುಂಬ ತಂದಿದ್ದಳು. ನೆಲದ ಮೇಲೆ ಪೇಪರು ಹಾಸಿ ಕೂತೆವು. ನರ್ಸ್ ಬಂದು, "ಇದೇನು ಆಸ್ಪತ್ರೆನೋ ಛತ್ರನೋ?" ಎಂದು ಬೈದಳು. ಮಗಳು ಅವಳ ಕೈಗೂ ಒಂದು ಬಟ್ಟಲು ಹುಗ್ಗಿ ಕೊಟ್ಟಳು. ನಿಂತಲ್ಲೇ ತಿಂದು, ಬಾಗಿಲು ಮುಂದಕ್ಕೆ ಎಳೆದುಕೊಂಡು ಹೋದಳು.

ನಮ್ಮ ಮನೆಯವರಿಗೆ ಮೊಣಕಾಲು ಮಡಚಲು ಆಗುವುದಿಲ್ಲ. ಸ್ಟೂಲಿನ ಮೇಲೆ ಕೂತು, ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಇನ್ನೊಂದು ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದರು. ಸೊಸೆ ಮಂಚದ ಮೇಲಿನಿಂದ ಅದನ್ನೇ ನೋಡುತ್ತಿದ್ದಳು. ಇವರೆಲ್ಲ, ಈ ಕೋಣೆ ತುಂಬ ಇರುವ ನಗು, ಈ ಮಕ್ಕಳ ಗಲಾಟೆ... ಒಬ್ಬ ಹೆಂಗಸು ಅವತ್ತು ನಡುಹೊಳೆಯಲ್ಲಿ ಬಾಯಿ ತೆರೆಯದಿದ್ದರೆ ಇದರಲ್ಲಿ ಒಂದೂ ಇಲ್ಲ.

ಮಗ ನನ್ನ ಪಕ್ಕಕ್ಕೆ ಸರಿದು ಕೂತ. "ಅವ್ವ, ಮಗೀಗೆ ಹೆಸರು ನೀನೇ ಹೇಳಬೇಕು. ನಾವಿಬ್ಬರೂ ಮಾತಾಡ್ಕೊಂಡೀವಿ. ನೀ ಏನಂದ್ರೂ ಅದೇ."

ಎಲ್ಲರೂ ನನ್ನ ಮುಖ ನೋಡಿದರು. ಬಾಯಿಗೆ ಬಂದೇಬಿಟ್ಟಿತು ಎನ್ನುವಾಗ ನನಗೆ ಗೊತ್ತಾಯಿತು. ತೆಪ್ಪದಕ್ಕನ ನಿಜವಾದ ಹೆಸರು ನನಗೆ ಗೊತ್ತಿಲ್ಲ. ಅವಳು ಒಂದೇ ಸಲ ಕರೆದ ಆ ಗಂಡನ ಹೆಸರು ಕಿವಿಯಲ್ಲಿ ಇನ್ನೂ ಇದೆ. ಅವಳದನ್ನು ನಾನು ಯಾವತ್ತೂ ಕೇಳಲಿಲ್ಲ. ಊರಲ್ಲಿ ಯಾರೂ ಕೇಳಿರಲಿಲ್ಲ. ತೆಪ್ಪದಕ್ಕ ಎಂದರೆ ಬರುತ್ತಿದ್ದಳಲ್ಲ... ಈಗ ಹೇಳುವವರು ಯಾರೂ ಉಳಿದಿಲ್ಲ.

ತುತ್ತು ಕೈಯಲ್ಲೇ ಉಳಿಯಿತು.

"ಏನವ್ವ, ಹೇಳು" ಎಂದ ಮಗ.

"ಹೇಳ್ತೀನಿ ತಡಿಯಪ್ಪ. ಮೊದಲು ಉಣ್ಣು" ಎಂದೆ. ಅವನ ತಟ್ಟೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿ, ತುಪ್ಪದ ಬಟ್ಟಲು ಹತ್ತಿರ ಎಳೆದುಕೊಂಡೆ.